ಅಂತರಜಾಲದ ಬೋರ್ಡಿಗೆ ಕನ್ನಡ ಯಾವಾಗ?



ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕಾಣದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಅದೇ ಅಂಗಡಿಗೆ ಇನ್ನೊಂದು ಬೋರ್ಡು ಇದೆ, ಅದೇ ವೆಬ್ ವಿಳಾಸ. ನಮ್ಮ ಪ್ರೆಸ್ಸಿಗೆ ವಿಸಿಟಿಂಗ್ ಕಾರ್ಡು ಮಾಡಿಸಲು ಬರುವ ಅಪ್ಪಟ ಕನ್ನಡಾಭಿಮಾನಿಗಳ ಕಾರ್ಡಿನಲ್ಲೂ ಹೆಸರು ಕನ್ನಡ, ಬೀದಿ ಕನ್ನಡ, ಕೊನೆಯ ಸಾಲು ಮಾತ್ರ ಇಂಗ್ಲಿಷ್! 'ಅದು ಹಾಗೇ ಇರಬೇಕಲ್ಲವೇ ಸಾರ್?' ಎನ್ನುತ್ತಾರೆ. ಖಂಡಿತ ಬೇಕಿಲ್ಲ. ಯಾಕೆಂದು ಹೇಳುತ್ತೇನೆ. ನಾನು ಪಿಯುಸಿ ಓದಿದವನು. ನನಗೆ ತಿಳಿದದ್ದು ನಿಮಗೆ ತಿಳಿಯದೇ?

ಅಂತರಜಾಲದಲ್ಲಿ ಯಂತ್ರಗಳು ಒಂದನ್ನೊಂದು ಹುಡುಕುವುದು ಹೆಸರಿನಿಂದಲ್ಲ, ಅಂಕಿಗಳಿಂದ. ಅಂಕಿ ನೆನಪಿಡಲು ಮನುಷ್ಯರಿಗೆ ಕಷ್ಟ. ಅದಕ್ಕೇ ಹೆಸರು. ಮೊದಮೊದಲು ಅಮೆರಿಕದಲ್ಲಿ ಎಲ್ಲ ಯಂತ್ರಗಳ ಹೆಸರು, ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿ ನಿಭಾಯಿಸುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತ ಆ ಕೆಲಸವನ್ನು ಹಲವರಿಗೆ ಹಂಚುವ ಉಪಾಯ ಮಾಡಿದ. ಅದೇ ಡೊಮೈನ್ ನೇಮ್ ಸಿಸ್ಟಮ್, ಅಂದರೆ ಡಿಎನ್ಎಸ್.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು ವಿಳಾಸವನ್ನು ಕೆಳಗಿನಿಂದ ಓದುತ್ತಾರೆ: ಮೊದಲು ಜಿಲ್ಲೆ, ಆಮೇಲೆ ಊರು, ಬೀದಿ, ಕೊನೆಗೆ ಮನೆ. ಡಿಎನ್ಎಸ್ ಹಾಗೆಯೇ ಬಲದಿಂದ ಎಡಕ್ಕೆ ಓದುತ್ತದೆ. ನಮ್ಮ ಸರ್ಕಾರದ ವಿಳಾಸವನ್ನೇ ತೆಗೆದುಕೊಳ್ಳಿ: ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್. ನೀವು ಇದನ್ನು ಒತ್ತಿದ ಕೂಡಲೇ ರಿಸಾಲ್ವರ್ ಎಂಬ ಯಂತ್ರ ನಿಮ್ಮ ಪರವಾಗಿ ವಿಚಾರಣೆಗೆ ಹೊರಡುತ್ತದೆ. ಮೊದಲು ಹೋಗುವುದು ರೂಟ್ ಸರ್ವರ್ ಬಳಿಗೆ. ಇಂಥವಕ್ಕೆ ಇರುವುದು 13 ಹೆಸರು. ಜಗತ್ತಿನಾದ್ಯಂತ ನಕಲುಗಳು ಸಾವಿರಕ್ಕೂ ಹೆಚ್ಚು. ಅದು 'ಇನ್' ನೋಡಿಕೊಳ್ಳುವವರ ಕಡೆ ಕೈ ತೋರಿಸುತ್ತದೆ. ಅವರು 'ಜಿಓವಿ'ಯವರನ್ನು ತೋರಿಸುತ್ತಾರೆ. ಅಲ್ಲಿಂದ ಮುಂದೆ 'ಕರ್ನಾಟಕ'ದ ಅಂಕಿ ಸಿಗುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ! ಸಿಕ್ಕ ಉತ್ತರವನ್ನು ರಿಸಾಲ್ವರ್ ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ.

ಹಾಗಾದರೆ ಕನ್ನಡ ಎಲ್ಲಿ? ಈ ವ್ಯವಸ್ಥೆ ಶುರುವಾದಾಗ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಬಳಕೆಯಲ್ಲಿದ್ದವು. 2003ರಲ್ಲಿ ಪ್ಯೂನಿಕೋಡ್ ಎಂಬ ನಿಯಮ ಬಂತು. ನೀವು ಕನ್ನಡದಲ್ಲಿ ಬರೆದ ಹೆಸರನ್ನು ಯಂತ್ರ ಒಳಗೊಳಗೇ ಹಳೆಯ ಅಕ್ಷರಗಳಿಗೆ ಬದಲಿಸಿಕೊಳ್ಳುತ್ತದೆ. 2010ರಲ್ಲಿ ವಿಳಾಸದ ತುದಿಯಲ್ಲೇ ಅರಬ್ಬಿ, ರಷ್ಯನ್ ಅಕ್ಷರಗಳು ಬಂದವು. 2011ರಲ್ಲಿ ಭಾರತದ 7 ಲಿಪಿಗಳ ಸರದಿ. ತಮಿಳು ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ! ನಮ್ಮದು ಬಂದದ್ದು ಆಮೇಲೆ.

ಬಂದಿದೆಯಲ್ಲ, ಬಳಸುವವರು ಎಲ್ಲಿ ಸ್ವಾಮಿ? 'ಡಾಟ್ ಭಾರತ' ಎಂಬ ತುದಿಯನ್ನು ಕನ್ನಡ ಅಕ್ಷರದಲ್ಲೇ ಬರೆದು ಹೆಸರು ನೋಂದಾಯಿಸಬಹುದು. 'ಡಾಟ್ ಇನ್' ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುತ್ತದೆ. ಇಂಗ್ಲಿಷ್ ವಿಳಾಸ ಬಿಡಬೇಕೆಂದೇನಿಲ್ಲ, ಎರಡೂ ಒಂದೇ ಅಂಕಿಗೆ ಹೋಗುವಂತೆ ಮಾಡಬಹುದು. ಒಂದು ಎಚ್ಚರ: ಹೆಸರು ನಿಮಗೆ ಕ್ರಯಕ್ಕೆ ಸಿಗುವುದಿಲ್ಲ, ವರ್ಷದ ಲೆಕ್ಕದ ಬಾಡಿಗೆ. ವೆಬ್‌ಸೈಟ್ ಮಾಡಿಕೊಟ್ಟವನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲೇ ನೋಂದಾಯಿಸಿ.

ಈಗ ಕಹಿ ಮಾತು. ಕನ್ನಡ ಅಕ್ಷರದ ಇಮೇಲ್ ವಿಳಾಸಕ್ಕೂ 2012ರಲ್ಲೇ ನಿಯಮ ಸಿದ್ಧವಾಗಿದೆ. ಆದರೂ ಅಂಥ ವಿಳಾಸವನ್ನು ಎಷ್ಟೋ ಕಂಪನಿಗಳ ಫಾರಂನಲ್ಲಿ ತುಂಬಿದರೆ 'ತಪ್ಪು ವಿಳಾಸ' ಎಂದು ಹಿಂದಕ್ಕೆ ತಳ್ಳುತ್ತದೆ. ತಪ್ಪು ವಿಳಾಸದ್ದಲ್ಲ. ಇಂಗ್ಲಿಷ್ ಅಕ್ಷರ ಮಾತ್ರ ಸರಿ ಎಂದು ಯಾರೋ ಪ್ರೋಗ್ರಾಂನಲ್ಲಿ ಬರೆದುಬಿಟ್ಟಿದ್ದಾರೆ. ರೂಟ್ ಸರ್ವರ್ ಒಪ್ಪಿದ ಕನ್ನಡವನ್ನು ಒಂದು ಫಾರಂ ಒಪ್ಪುವುದಿಲ್ಲ!

ಆ ಪ್ರೋಗ್ರಾಂ ಬರೆಯುವವರು ಯಾರು? ಬೆಂಗಳೂರಿನ ಐಟಿ ಕಚೇರಿಗಳಲ್ಲಿ ನಿಮ್ಮಂಥವರೂ ಬರೆಯುತ್ತಿದ್ದೀರಿ. ಇದಕ್ಕೆ ಮೆರವಣಿಗೆ ಬೇಡ, ಧಿಕ್ಕಾರ ಬೇಡ. ನಾಳೆ ನಿಮ್ಮ ಆಫೀಸಿನ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿ: ನಾವು ಮಾಡಿದ ಫಾರಂ ಕನ್ನಡದ ವಿಳಾಸವನ್ನು ತೆಗೆದುಕೊಳ್ಳುತ್ತದೆಯೇ? ಇಲ್ಲವೆಂದರೆ ಸರಿಪಡಿಸಿ. ಅಲ್ಲಿಯವರೆಗೆ ಕೂರಬೇಡಿ.