ಗಡುಸು ನೀರಿಗಿಂತ ಹಳೆಯ ಕೊಳವೆಗೆ ಅಂಜಬೇಕು

ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದ ನಲ್ಲಿ ನೀರು ಬಹಳ ಗಡುಸು. ನೆಲದಡಿಯ ಸುಣ್ಣದ ಶಿಲಾಸ್ತರಗಳೇ ಇದಕ್ಕೆ ಕಾರಣ. ಕೆಟಲ್‌ನ ತಳದಲ್ಲಿ ಕಟ್ಟಿದ ಬಿಳಿ ಪದರವನ್ನು ಕಂಡು, ಊರಿನಿಂದ ಬಂದ ಹಿರಿಯರು ಮೂತ್ರಪಿಂಡದಲ್ಲಿ ಕಲ್ಲಾದೀತೆಂದು ನೀರು ಕುಡಿಯುವುದನ್ನೇ ತಗ್ಗಿಸುತ್ತಾರೆ. ಕಲ್ಲಿಗೆ ದಾರಿಯಾಗುವುದು ಹೆಚ್ಚಾಗಿ ಆ ತಗ್ಗಿಸುವಿಕೆಯೇ.

ವೈದ್ಯನಾಗಿ ನನ್ನ ಚಿಂತೆ ಕಣ್ಣಿಗೆ ಕಾಣದ ಸೀಸದ್ದು. ಇಂಗ್ಲೆಂಡಿನಲ್ಲಿ ಅದರ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆದರೆ 1970ಕ್ಕೂ ಹಿಂದಿನ ಮನೆಗಳಲ್ಲಿ ಸೀಸದ ಕೊಳವೆಗಳು ಉಳಿದಿರಬಹುದು. ಮನೆಯ ಎಲ್ಲೆಯೊಳಗಿನ ಕೊಳವೆಯ ಹೊಣೆ ಮಾಲೀಕರದೇ. ಎಳೆಯ ಮಕ್ಕಳ ಮಿದುಳಿಗೆ ಸೀಸ ವಿಷ, ನಮ್ಮವರ ರೂಢಿಯಂತೆ ಕುದಿಸಿದರೂ ಅದು ಹೋಗದು. ಗಡುಸು ತೆಗೆಯುವ ಯಂತ್ರ ನೀರಿಗೆ ಸೋಡಿಯಂ ಬೆರೆಸುವುದರಿಂದ ಹಸುಗೂಸಿನ ಪುಡಿಹಾಲಿಗೆ ಆ ನೀರು ಸಲ್ಲದು. ಹಳೆಯ ಮನೆ ಕೊಳ್ಳುವವರು ಸಿಂಕಿನಡಿಯ ಕೊಳವೆಯನ್ನು ನಾಣ್ಯದಿಂದ ಗೀರಿ ನೋಡಲಿ: ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದರೆ ಅದು ಸೀಸ.