ತಿಮ್ಮಯ್ಯನವರ ರಾಜೀನಾಮೆಯ ಕಥೆಯನ್ನೂ ಮಕ್ಕಳಿಗೆ ಹೇಳೋಣ



1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಪ್ರತಿಮೆಗೆ ಹಾರ ಹಾಕುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವೂ ಆಗಿದೆ. ಆದರೆ ಸಭೆ ಸಮಾರಂಭಗಳಲ್ಲಿ ಅವರ ಕಥೆ ಹೆಚ್ಚಾಗಿ ಜೋಜಿಲಾದ ಯುದ್ಧಕ್ಕೇ ನಿಂತುಬಿಡುತ್ತದೆ. 1959ರ ರಾಜೀನಾಮೆಯ ಮಾತು ಬಂದರೆ ಏನೋ ಮುಜುಗರ. ಆ ರಾಜೀನಾಮೆಯಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಯುದ್ಧಭೂಮಿಯಲ್ಲಿ ತೋರಿದ ಧೈರ್ಯವನ್ನೇ ಅವರು ದೆಹಲಿಯ ಕಚೇರಿಯಲ್ಲೂ ತೋರಿದರು.

ಜೋಜಿಲಾವನ್ನೇ ನೋಡಿ. 1948ರಲ್ಲಿ, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದ ವೇಳೆ, ಲೇಹ್‌ನ ದಾರಿಯನ್ನು ಶತ್ರು ಕಟ್ಟಿಹಾಕಿದ್ದ. ಹನ್ನೊಂದು ಸಾವಿರ ಅಡಿಗೂ ಮೇಲಿನ ಆ ಕಣಿವೆಗೆ ಟ್ಯಾಂಕ್ ಹತ್ತಿಸಬೇಕೆಂದು ತಿಮ್ಮಯ್ಯನವರು ತೀರ್ಮಾನಿಸಿದರು. ಸ್ಟುವರ್ಟ್ ಟ್ಯಾಂಕ್‌ಗಳ ಗೋಪುರ ಕಳಚಿ, ಮೈಗೆ ಟಾರ್ಪಾಲಿನ್ ಹೊದಿಸಿ, ಗುಟ್ಟಾಗಿ ಬಾಲ್ತಲ್‌ಗೆ ತಂದರು. ಅಲ್ಲಿಂದ ಮೇಲಿನ ಕಡಿದಾದ ಜಾಡನ್ನು ಟ್ಯಾಂಕ್ ಓಡುವಷ್ಟು ಅಗಲ ಮಾಡಿದವರು ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನ ಯೋಧರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕ್‌ಗಳು ನುಗ್ಗಿದಾಗ ಡಿವಿಷನ್ ಕಮಾಂಡರ್ ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ದಾರಿ, ಹವಾಮಾನ, ಯಂತ್ರ ಎಲ್ಲವನ್ನೂ ಲೆಕ್ಕ ಹಾಕಿ ಹೆಜ್ಜೆ ಇಡುವವರು ಅವರು. ಕೊರಿಯಾ ಯುದ್ಧದ ಬಳಿಕವೂ ಅಷ್ಟೇ: ಸ್ವದೇಶಕ್ಕೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆಯನ್ನು ನಿಭಾಯಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾಗಿ, ಎರಡೂ ಬಣಗಳ ಒತ್ತಡವನ್ನು ತಾಳಿಕೊಂಡರು. ಇಂಥವರು ದುಡುಕಿ ರಾಜೀನಾಮೆ ಬರೆದರೆಂದರೆ ನಂಬುವುದು ಕಷ್ಟ.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ವರ್ತನೆ, ಬಡ್ತಿಗಳಲ್ಲಿನ ಹಸ್ತಕ್ಷೇಪ ಸೇನೆಗೆ ಹಾನಿ ಮಾಡುತ್ತಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕೇಳಿಕೊಂಡಾಗ ಹಿಂತೆಗೆದುಕೊಂಡರು. ಬಳಿಕ ನೆಹರೂ ಸಂಸತ್ತಿನಲ್ಲಿ ತಿಮ್ಮಯ್ಯನವರ ನಡೆಯನ್ನೇ ಟೀಕಿಸಿದರೂ, ತಿಮ್ಮಯ್ಯನವರು 1961ರ ಮೇ ತಿಂಗಳಲ್ಲಿ ನಿವೃತ್ತರಾಗುವವರೆಗೆ ಕರ್ತವ್ಯದಲ್ಲಿ ಉಳಿದರು.

ಚುನಾಯಿತ ಸರ್ಕಾರದ ಮೇಲೆ ದಂಡನಾಯಕ ಒತ್ತಡ ಹೇರಬಹುದೇ ಎಂದು ಕೆಲವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನೆರೆಯ ಪಾಕಿಸ್ತಾನದಲ್ಲಿ ಆ ರಾಜೀನಾಮೆಯ ಹಿಂದಿನ ವರ್ಷವಷ್ಟೇ ಅಯೂಬ್ ಖಾನ್ ಅಧಿಕಾರ ಕಸಿದುಕೊಂಡಿದ್ದರು. ತಿಮ್ಮಯ್ಯನವರು ಹಿಡಿದದ್ದು ಅದಕ್ಕೆ ತೀರಾ ವಿರುದ್ಧ ದಾರಿ. ಒಪ್ಪಲಾಗದಿದ್ದಾಗ ತಮ್ಮ ಕುರ್ಚಿಯನ್ನೇ ಬಿಡಲು ಮುಂದಾದರು, ಪ್ರಧಾನಿಯ ಮಾತಿಗೆ ತಲೆಬಾಗಿದರು. ಹಿಂತೆಗೆದುಕೊಂಡದ್ದು ದೌರ್ಬಲ್ಯ ಎನ್ನುವವರು ಈ ಎರಡನೇ ಮಾತನ್ನು ಮರೆಯುತ್ತಾರೆ.

1962ರಲ್ಲಿ ಚೀನಾದೆದುರು ಆದ ಸೋಲಿನಲ್ಲಿ ಅವರ ಪಾಲೂ ಇಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ನಾಲ್ಕು ವರ್ಷ ಸೇನೆಯ ಮುಖ್ಯಸ್ಥರಾಗಿದ್ದವರನ್ನು ಪೂರ್ತಿ ಹೊರಗಿಡಲಾಗದು. ಆದರೆ ಚೀನಾದ ಅಪಾಯದ ಬಗ್ಗೆ ಪೂರ್ವ ಕಮಾಂಡ್‌ನ ಮುಖ್ಯಸ್ಥ ಜನರಲ್ ಥೋರಾಟ್ ಕೊಟ್ಟ ಎಚ್ಚರಿಕೆಯನ್ನು ಸರ್ಕಾರಕ್ಕೆ ಮುಟ್ಟಿಸಿದವರು ಇವರೇ. ಯುದ್ಧಕ್ಕೆ ಮೂರು ತಿಂಗಳ ಮುಂಚೆ, 1962ರ ಜುಲೈನಲ್ಲಿ, ಭಾರತ ಒಂಟಿಯಾಗಿ ಚೀನಾವನ್ನು ಎದುರಿಸಲಾರದು, ಇದನ್ನು ರಾಜತಾಂತ್ರಿಕವಾಗಿಯೇ ಬಗೆಹರಿಸಬೇಕು ಎಂಬರ್ಥದಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಬರೆದವರೂ ಇವರೇ. ವೀರಾವೇಶದ ಕಾಲದಲ್ಲಿ ಯೋಧನೊಬ್ಬ ತನ್ನ ದೇಶದ ಮಿತಿಯನ್ನು ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ.

1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ವಹಿಸಿದ ಅವರು, ಮರುವರ್ಷ ಡಿಸೆಂಬರ್ 18ರಂದು ಅಲ್ಲೇ ಸೇವೆಯಲ್ಲಿರುವಾಗ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಶಿಕ್ಷಕರೇ, ಸನ್ನಿ ಸೈಡ್‌ಗೆ ಮಕ್ಕಳನ್ನು ಕರೆದೊಯ್ದಾಗ ಟ್ಯಾಂಕ್ ತೋರಿಸಿ, ಪದಕ ತೋರಿಸಿ, 1959ರಲ್ಲಿ ನಡೆದದ್ದನ್ನೂ ಹೇಳಿ. ಪೋಷಕರೇ, ಕನ್ನಡ ಪಠ್ಯದಲ್ಲಿ ತಿಮ್ಮಯ್ಯನವರ ಪಾಠ ಬರುವುದಾದರೆ ಅದು ಅರ್ಧಕ್ಕೆ ನಿಲ್ಲದಂತೆ ಒತ್ತಾಯಿಸಿ.