ನಗರದಹನದ ಜಮಾ-ಖರ್ಚು

ಶತ್ರುವಿನ ನಗರಗಳ ಮೇಲೆ ಆಕಾಶದಿಂದ ಬಾಂಬು ಸುರಿಸುವುದು ಕ್ರೂರವಾದರೂ ಫಲಕಾರಿಯೆಂದೂ, ಅದರಿಂದ ಯುದ್ಧವು ಬೇಗ ಮುಗಿದು ಒಟ್ಟು ಸಾವುಗಳು ಕಡಮೆಯಾಗುವುವೆಂದೂ ವಾದಿಸುವವರುಂಟು. ವಿದ್ಯಾವಂತರೇ ಈ ಮಾತನ್ನು ಹೆಚ್ಚಾಗಿ ಆಡುತ್ತಾರೆ. ಇದು ನೀತಿಯ ಮಾತಲ್ಲ, ಲಾಭನಷ್ಟದ ಮಾತು. ಆಗಲಿ, ಲಾಭನಷ್ಟದ ಕ್ರಮದಲ್ಲಿಯೇ ಇದನ್ನು ಪರಿಶೀಲಿಸೋಣ. ಖರ್ಚಿನ ಕಡೆ ಸತ್ತವರನ್ನು ಬರೆದು, ಜಮೆಯ ಕಡೆ ‘ಉಳಿದ ಪ್ರಾಣಗಳು’ ಎಂಬ ಕಲ್ಪಿತ ಮೊತ್ತವನ್ನು ಕಾಣಿಸಿದರೆ ಯಾವ ಲೆಕ್ಕತಪಾಸಕನೂ ರುಜು ಹಾಕುವುದಿಲ್ಲ. ವೋಚರು ಎಲ್ಲಿ ಎಂದು ಕೇಳುತ್ತಾನೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ನಡೆದ ದಾಳಿಗಳ ಮಟ್ಟಿಗೆ ವೋಚರುಗಳು ದೊರೆಯುತ್ತವೆ. ಅವನ್ನು ಬರೆದಿಟ್ಟವರು ಗೆದ್ದವರೇ.

1941ರ ಆಗಸ್ಟಿನಲ್ಲಿ ಬಟ್ ಎಂಬ ಬ್ರಿಟಿಷ್ ಅಧಿಕಾರಿಯು ವಿಮಾನಗಳು ತೆಗೆದ ಆರುನೂರಕ್ಕೂ ಮಿಕ್ಕ ಛಾಯಾಚಿತ್ರಗಳನ್ನು ಪರೀಕ್ಷಿಸಿ ವರದಿಯೊಪ್ಪಿಸಿದನು. ಗುರಿಯನ್ನು ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಬಂದಿತ್ತು. ಕೈಗಾರಿಕೆಗಳು ದಟ್ಟೈಸಿದ ರೂರ್ ಪ್ರದೇಶದಲ್ಲಂತೂ ಹತ್ತರಲ್ಲೊಂದು! ಇಂತಹ ಫಲಿತಾಂಶ ಕಂಡ ವ್ಯವಹಾರಸ್ಥನು ಅಂಗಡಿ ಮುಚ್ಚುತ್ತಾನೆ. ಬ್ರಿಟಿಷ್ ವಾಯುಬಲವು ಸರಕನ್ನೇ ಬದಲಿಸಿತು. 1942ರ ಫೆಬ್ರವರಿ 14ರ ಆದೇಶದಲ್ಲಿ ಶತ್ರುದೇಶದ ನಾಗರಿಕರ, ವಿಶೇಷವಾಗಿ ಕಾರ್ಮಿಕರ, ಮನೋಸ್ಥೈರ್ಯವೇ ಮುಖ್ಯ ಗುರಿಯೆಂದು ಗೊತ್ತುಮಾಡಲಾಯಿತು. ಹೊಡೆಯಬೇಕಾದದ್ದು ಹಡಗುಕಟ್ಟೆಗಳನ್ನಲ್ಲ, ಜನವಸತಿಯನ್ನು ಎಂಬ ಸ್ಪಷ್ಟೀಕರಣ ಮರುದಿನವೇ ಬಂದಿತು. ಗುರಿಯನ್ನು ಹೊಡೆಯಲಾರದವರು ಹೊಡೆಯಬಲ್ಲದ್ದನ್ನೇ ಗುರಿಯೆಂದು ಕರೆದರು. ಮನೆಗಳು ಉರಿದದ್ದು ಅಕಸ್ಮಾತ್ತಾಗಿ ಅಲ್ಲ, ಸಂಕಲ್ಪಪೂರ್ವಕವಾಗಿ.

ಮಾರ್ಚಿ ತಿಂಗಳಲ್ಲಿ ಚರ್ಚಿಲ್ಲರ ವಿಜ್ಞಾನ ಸಲಹೆಗಾರ ಲಾರ್ಡ್ ಚರ್‌ವೆಲ್, 58 ಜರ್ಮನ್ ಪಟ್ಟಣಗಳ ಮನೆಗಳನ್ನು ಕೆಡವಿ ದೇಶದ ಮೂರನೆಯ ಒಂದು ಪಾಲು ಜನರನ್ನು ನಿರಾಶ್ರಿತರನ್ನಾಗಿಸಬಹುದೆಂದು ಅಂಕಿಗಳೊಡನೆ ಬರೆದರು. ಆ ಅಂಕಿಗಳು ಆರು ಪಟ್ಟು ಉಬ್ಬಿವೆಯೆಂದು ಎಚ್ಚರಿಸಿದವರು ಪ್ಯಾಟ್ರಿಕ್ ಬ್ಲಾಕೆಟ್, ಸ್ವಾತಂತ್ರ್ಯಾನಂತರ ನೆಹರೂರವರಿಗೆ ರಕ್ಷಣಾ ವಿಷಯಗಳಲ್ಲಿ ಸಲಹೆ ನೀಡಿದ ಭೌತವಿಜ್ಞಾನಿ. ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಚರ್‌ವೆಲ್ಲರು ಆಧಾರವೆಂದು ತೋರಿಸಿದ್ದು ಜರ್ಮನರ ಬಾಂಬಿಗೆ ತುತ್ತಾದ ಬರ್ಮಿಂಗ್‌ಹ್ಯಾಮ್ ಮತ್ತು ಹಲ್ ಪಟ್ಟಣಗಳ ಸಮೀಕ್ಷೆಯನ್ನು. ಕೆಲವೇ ದಿನಗಳಲ್ಲಿ ಸಿದ್ಧವಾದ ಆ ಸಮೀಕ್ಷೆಯ ಪೂರ್ಣ ವರದಿಯಾದರೋ, ಎರಡು ಪಟ್ಟಣಗಳಲ್ಲೂ ಜನರ ಧೈರ್ಯ ಕುಸಿದ ಕುರುಹಿಲ್ಲವೆಂದೇ ಹೇಳಿತು! 1940-41ರ ದಾಳಿಗಳಲ್ಲಿ ಸುಮಾರು 43,000 ನಾಗರಿಕರನ್ನು ಕಳೆದುಕೊಂಡೂ ತಮ್ಮ ಜನ ಬಾಗಲಿಲ್ಲವೆಂದು ಹೆಮ್ಮೆಪಟ್ಟವರೇ, ಜರ್ಮನರು ಬಾಗುವರೆಂದು ಲೆಕ್ಕ ಹಾಕಿದ್ದು ವಿಚಿತ್ರವಲ್ಲವೆ?

1943ರ ಜುಲೈ 27ರ ರಾತ್ರಿ ಹ್ಯಾಂಬರ್ಗಿನಲ್ಲಿ ಬೆಂಕಿಯ ಬಿರುಗಾಳಿಯೆದ್ದಿತು. ಆ ವಾರದ ದಾಳಿಗಳಲ್ಲಿ 40,000ದಷ್ಟು ಜನ ಮಡಿದರು. ಕೆಲವೇ ತಿಂಗಳಲ್ಲಿ ನಗರದ ಉತ್ಪಾದನೆಯ ಬಹುಭಾಗ ಮರಳಿತು. ಯುದ್ಧಾನಂತರ ಅಮೆರಿಕದ ಬಾಂಬುದಾಳಿ ಸಮೀಕ್ಷೆಯ ಆರ್ಥಿಕ ವಿಭಾಗವನ್ನು ನಡೆಸಿದವರು, ಮುಂದೆ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಗಾಲ್‌ಬ್ರೇತ್. ನಗರಮಧ್ಯದ ಅಂಗಡಿ, ಉಪಾಹಾರಗೃಹಗಳು ಸುಟ್ಟುಹೋಗಿ ಅಲ್ಲಿನ ನೌಕರರು ಯುದ್ಧದ ಕಾರ್ಖಾನೆಗಳಿಗೆ ದೊರೆತಿರಬೇಕೆಂಬುದು ಅವರ ವ್ಯಂಗ್ಯಭರಿತ ಅನುಮಾನ. 1942ರ ಆರಂಭದಲ್ಲಿ ಜರ್ಮನಿಯ ಶಸ್ತ್ರೋತ್ಪಾದನೆಯನ್ನು 100 ಎಂದು ಹಿಡಿದರೆ, 1944ರ ಜುಲೈನಲ್ಲಿ ಅದು 322.

ದಾಳಿಗಳಿಲ್ಲದಿದ್ದರೆ ಉತ್ಪಾದನೆ ಇನ್ನೂ ಏರುತ್ತಿತ್ತೆಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕಲಾಗದು. 1943ರ ರೂರ್ ದಾಳಿಗಳ ತರುವಾಯ ಆ ಏರಿಕೆ ತಿಂಗಳುಗಟ್ಟಲೆ ನಿಂತಿತು. ರಷ್ಯದ ರಣರಂಗಕ್ಕೆ ಹೋಗಬೇಕಿದ್ದ ಫಿರಂಗಿಗಳೂ ಯುದ್ಧವಿಮಾನಗಳೂ ನಗರಗಳ ಕಾವಲಿಗೆ ನಿಲ್ಲಬೇಕಾಯಿತು. ಇವು ನಿಜವಾದ ಜಮೆಗಳು. ಆದರೆ ಎಲ್ಲಕ್ಕಿಂತ ದೊಡ್ಡ ಜಮೆ ಎಲ್ಲಿಂದ ಬಂದಿತು? 1944ರ ಮೇ 12ರಿಂದ ಅಮೆರಿಕದ ವಿಮಾನಗಳು ಕಲ್ಲಿದ್ದಲಿನಿಂದ ತೈಲ ತೆಗೆಯುವ ಕಾರ್ಖಾನೆಗಳನ್ನು ಹೊಡೆದವು. ಏಪ್ರಿಲ್ಲಿನಲ್ಲಿ 1,75,000 ಟನ್ನುಗಳಿದ್ದ ವಿಮಾನ ಪೆಟ್ರೋಲಿನ ಉತ್ಪಾದನೆ ಸೆಪ್ಟೆಂಬರಿನಲ್ಲಿ 5,000 ಟನ್ನಿಗಿಳಿಯಿತು. ವಿಮಾನಗಳಿದ್ದವು, ಹಾರಿಸಲು ಎಣ್ಣೆಯಿರಲಿಲ್ಲ. ಯಂತ್ರವನ್ನು ಹುಡುಕಿ ಹೊಡೆದಲ್ಲಿ ಯುದ್ಧ ಕುಂಟಿತು. ಮನೆಗಳನ್ನು ಸುಟ್ಟಲ್ಲಿ ಮನೆಗಳು ಸುಟ್ಟವು.

ಬ್ರಿಟಿಷ್ ಬಾಂಬರ್ ಪಡೆಯ ದಂಡನಾಯಕ ಹ್ಯಾರಿಸ್ ಇದನ್ನು ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ. ತನ್ನ ವಿಧಾನದಿಂದಲೇ 1944ರ ಏಪ್ರಿಲ್ 1ರೊಳಗೆ ಜರ್ಮನಿ ಶರಣಾಗುವ ಸ್ಥಿತಿಗೆ ಬರುವುದೆಂದು ಆತನು ಬರೆದುಕೊಟ್ಟಿದ್ದನು. ಆ ವಾಯಿದೆಗೆ ಎರಡು ದಿನ ಮುನ್ನ, ಮಾರ್ಚಿ 30ರ ರಾತ್ರಿ, ನ್ಯೂರೆಂಬರ್ಗಿಗೆ ಕಳುಹಿಸಿದ 795 ವಿಮಾನಗಳಲ್ಲಿ 95 ಮರಳಲಿಲ್ಲ. ವಾಯಿದೆ ಮೀರಿದ ಹುಂಡಿಯನ್ನು ಸಾಹುಕಾರ ಕೇಳದೆ ಬಿಡುವುದಿಲ್ಲ. ಈ ಹುಂಡಿಯನ್ನು ಯಾರೂ ಕೇಳಲಿಲ್ಲ. ಆತನ ಪಡೆಯ 55,573 ಯುವಕರು ಯುದ್ಧದಲ್ಲಿ ಅಸುನೀಗಿದರು. ಬಾಂಬಿನಿಂದ ಸತ್ತ ಜರ್ಮನ್ ನಾಗರಿಕರು ಅಮೆರಿಕದ ಸಮೀಕ್ಷೆಯಂತೆ ಕನಿಷ್ಠ 3,05,000. ಮುಂದಿನ ಅಂದಾಜುಗಳು ಇನ್ನೂ ಹೆಚ್ಚು. ಬದುಕುಳಿದವರು ಬಳಲಿದ್ದರು, ಬೇಸತ್ತಿದ್ದರು; ಆದರೂ ಸರ್ವಾಧಿಕಾರಿಯ ಪೋಲೀಸರಿಗೆ ಹೆದರಿ ಕೆಲಸಕ್ಕೆ ಹೋದರೆಂದು ಅದೇ ಸಮೀಕ್ಷೆ ಹೇಳುತ್ತದೆ. ಬೇಸತ್ತವನ ಕೈಯಲ್ಲಿ ರಾಜ್ಯವಿರಲಿಲ್ಲ. ಚರ್‌ವೆಲ್ಲರ ಗಣಿತವು ಇದನ್ನು ಬಿಟ್ಟೇಬಿಟ್ಟಿತ್ತು.

ಹಿಟ್ಲರನನ್ನು ಎದುರಿಸಲೇಬೇಕಿತ್ತು, ವಾರ್ಸಾ, ರಾಟರ್‌ಡ್ಯಾಮ್ ನಗರಗಳನ್ನು ಮೊದಲು ಕೆಡವಿದವನು ಅವನೇ. ಅದರಲ್ಲಿ ವಿವಾದವಿಲ್ಲ. ಆದರೆ ಪ್ರತಿರೋಧದ ಹಕ್ಕು ಡ್ರೆಸ್‌ಡೆನ್ನಿನ ಶಿಶುವಿನವರೆಗೆ ಹೇಗೆ ವ್ಯಾಪಿಸಿತು? 1944ರ ಫೆಬ್ರವರಿ 9ರಂದು ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ಬಿಷಪ್ ಜಾರ್ಜ್ ಬೆಲ್ ಕೇಳಿದ್ದು ಹೆಚ್ಚುಕಡಮೆ ಈ ಪ್ರಶ್ನೆಯನ್ನೇ. ಅವರಿಗೆ ದೊರೆತದ್ದು ಉಪಯುಕ್ತತೆಯ ಉತ್ತರ. ಆ ಉಪಯುಕ್ತತೆಯ ಲೆಕ್ಕವನ್ನೇ ಮೇಲೆ ಕಂಡೆವು.

2022ರ ಅಕ್ಟೋಬರಿನಿಂದ ಉಕ್ರೇನಿನ ವಿದ್ಯುತ್ ಕೇಂದ್ರಗಳ ಮೇಲೆ ರಷ್ಯವು ಕ್ಷಿಪಣಿಗಳನ್ನು ಸುರಿಸತೊಡಗಿದಾಗಲೂ, ಚಳಿ ಕತ್ತಲೆಗಳಿಂದ ಜನರ ಎದೆ ಕುಗ್ಗುವುದೆಂಬ ಹಳೆಯ ಎಣಿಕೆಯೇ ಕಾಣಿಸಿತು. ನಗರದಲ್ಲಿ ಬೇರೆಬೇರೆಯಾಗಿರುವ ಸೈನಿಕ ನೆಲೆಗಳನ್ನು ಒಂದೇ ಗುರಿಯೆಂದೆಣಿಸಿ ಇಡೀ ನಗರದ ಮೇಲೆ ಬಾಂಬು ಹಾಕುವುದನ್ನು, ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪೂರಕ ಒಪ್ಪಂದದ 51ನೆಯ ವಿಧಿಯು ನಿಷೇಧಿಸುತ್ತದೆ. ಬ್ರಿಟನ್ 1998ರಲ್ಲಿ ಅದನ್ನು ಅಂಗೀಕರಿಸಿತು. ಅಹಿಂಸೆಯ ಹೆಸರಿನಲ್ಲಿ ಸ್ವಾತಂತ್ರ್ಯ ಪಡೆದ ಭಾರತವು ಈವರೆಗೂ ಅಂಗೀಕರಿಸಿಲ್ಲ. ಏಕೆಂದು ವಾಚಕರು ತಮ್ಮ ಲೋಕಸಭಾ ಸದಸ್ಯರಿಗೆ ಪತ್ರ ಬರೆದು ಕೇಳಬೇಕು.